ಮಗುವಿನ ಹಾಳೆ ಮೇಲೆ ನಿಮ್ಮ ಪೆನ್ಸಿಲ್ ಬೇಡ

ಓದುಗರ ಪ್ರಶ್ನೆ, ಡ್ರಾಯಿಂಗ್ ಅಕ್ಕೋರ ಉತ್ತರ

ನಮ್ಮ ಧಾರವಾಡ ಸೀಮೆಯಲ್ಲಿ ಹೆಣ್ಣು ಟೀಚರನ್ನು ಮಕ್ಕಳು ಅಕ್ಕೋರು ಎಂದು ಕರೆಯುತ್ತಾರೆ. ಅಣ್ಣಿಗೇರಿ ಕಡೆಯ ಒಂದು ಶಾಲೆಯಲ್ಲಿ ನಾನು 31 ವರ್ಷ ಡ್ರಾಯಿಂಗ್ ಅಕ್ಕೋರು ಆಗಿದ್ದೆ. ನನ್ನ ನೇಮಕ ಆದದ್ದು ಹೈಸ್ಕೂಲಿಗೆ. ಆದರೆ ಅದೇ ಕಂಪೌಂಡಿನಲ್ಲಿ ಒಂದರಿಂದ ಏಳನೇ ತರಗತಿಯೂ ಇತ್ತು. ಪೀರಿಯಡ್ ಖಾಲಿ ಸಿಕ್ಕಾಗೆಲ್ಲ ಚಿಕ್ಕ ಮಕ್ಕಳ ಕೋಣೆಗೆ ಹೋಗಿ ಕೂರುತ್ತಿದ್ದೆ. ನಾನು ಜಾಸ್ತಿ ಕಲಿತದ್ದು ಅಲ್ಲಿಯೇ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಚಿಕ್ಕ ಮಕ್ಕಳ ಬಗ್ಗೆ ಇವೆ. ಅದಕ್ಕೇ ಐದನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಎರಡನೇ ತರಗತಿ. ಪೆನ್ಸಿಲ್ ಸಿಕ್ಕರೆ ಸಾಕು, ಚಿತ್ರ ಬಿಡಿಸುತ್ತಾನೆ. ಶಾಲೆಯ ಟೈಮ್ ಟೇಬಲ್‌ನಲ್ಲಿ ಶುಕ್ರವಾರ ಡ್ರಾಯಿಂಗ್ ಇದೆ. ಆದರೆ ಆ ಪೀರಿಯಡ್‌ನಲ್ಲಿ ಗಣಿತ ಮಾಡಿಸುತ್ತಾರೆ. ಕೇಳಿದರೆ ‘ಡ್ರಾಯಿಂಗಿಗೆ ಮಾರ್ಕ್ಸ್ ಇಲ್ವಲ್ಲ ಮೇಡಂ’ ಅಂದರು. ಮನೆಯಲ್ಲಿ ಇವನ ಅಪ್ಪನೂ ಅದನ್ನೇ ಹೇಳುತ್ತಾರೆ. ಇದರಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ?
ಒಬ್ಬ ತಾಯಿ, ದಾವಣಗೆರೆ

ಉತ್ತರ: ತಂಗಿ, ಆ ಶುಕ್ರವಾರದ ಪೀರಿಯಡ್ ಗಣಿತಕ್ಕೆ ಹೋಯಿತು ಎಂದು ಬರೆದಿದ್ದೀರಿ. ಡ್ರಾಯಿಂಗಿನೊಳಗೇ ಗಣಿತವೂ ಇತ್ತಲ್ಲ ಎಂಬುದು ನನ್ನ ಸಂಕಟ.

ಒಂದು ಸಂಗತಿ ಹೇಳುತ್ತೇನೆ. ನಮ್ಮ ನಾಲ್ಕನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಮಗ್ಗಿ ಹೇಳು ಅಂದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಒಂದು ದಿನ ವರಾಂಡದಲ್ಲಿ ಎಲ್ಲರಿಗೂ ಸೀಮೆಸುಣ್ಣ ಕೊಟ್ಟು ರಂಗೋಲಿ ಚುಕ್ಕಿ ಇಡಲು ಹೇಳಿದೆ. ಏಳರಿಂದ ನಾಲ್ಕು, ಸಂದು ಚುಕ್ಕಿ. ನಡುವಿನ ಸಾಲಿನಲ್ಲಿ ಏಳು, ಮೇಲಕ್ಕೂ ಕೆಳಕ್ಕೂ ಆರು, ಐದು, ನಾಲ್ಕು. ‘ಒಟ್ಟು ಎಷ್ಟು ಚುಕ್ಕಿ ಆದವು?’ ಎಂದು ಕೇಳಿದೆ. ಉಳಿದವರು ಒಂದೊಂದೇ ಮುಟ್ಟಿ ಎಣಿಸತೊಡಗಿದರು. ಈ ಹುಡುಗಿ ಮುಟ್ಟಲೇ ಇಲ್ಲ. ‘ಮ್ಯಾಲಿನ ನಾಕು, ಕೆಳಗಿನ ಆರು, ಹತ್ತು. ಐದು ಐದು ಹತ್ತು. ಆರು ನಾಕು ಹತ್ತು. ನಡುವ ಏಳು. ಮೂವತ್ತೇಳ್ರಿ ಅಕ್ಕೋರ’ ಅಂದಳು. ಯಾರೂ ಕಲಿಸಿರಲಿಲ್ಲ. ಬೆಳಿಗ್ಗೆ ಅವ್ವನ ಜೊತೆ ಅಂಗಳದಲ್ಲಿ ಕೂತು ಕೂತು ಅವಳ ಕಣ್ಣಿಗೆ ಬಂದಿತ್ತು.

ನಮ್ಮ ಕಸೂತಿಯೂ ಹಾಗೆಯೇ. ನನ್ನ ಅಜ್ಜಿಯ ಇಳಕಲ್ ಸೀರೆಯ ಒಂದು ಸೆರಗಿನ ತುಂಡು ನನ್ನ ಹತ್ತಿರ ಇದೆ. ಅದನ್ನು ಎಷ್ಟೋ ಸಲ ತರಗತಿಗೆ ಒಯ್ದಿದ್ದೇನೆ. ಬಟ್ಟೆ ಮೇಲೆ ಮೊದಲೇ ಗೀಟು ಹಾಕಿಕೊಳ್ಳುವುದಿಲ್ಲ, ಎಲ್ಲ ಎಳೆ ಎಣಿಸಿಯೇ ಹಾಕುವುದು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಬರುವಾಗ ಬಿಟ್ಟಲ್ಲಿ ತುಂಬುತ್ತಾರೆ. ಗಂಟು ಇಲ್ಲ, ಹಿಂದೆ ಮುಂದೆ ಒಂದೇ ತರಹ ಕಾಣಬೇಕು. ಹೋಗುವಾಗ ಒಂದು ಎಳೆ ತಪ್ಪಿದ್ದರೆ ಬರುವಾಗ ಗೊತ್ತಾಗುತ್ತದೆ, ಸೇರುವುದೇ ಇಲ್ಲ. ತಪ್ಪಿದ್ದು ಎಲ್ಲಿ ಎಂದು ಹುಡುಕುವುದನ್ನು ಮಗುವಿಗೆ ಇದಕ್ಕಿಂತ ಚೆನ್ನಾಗಿ ಯಾವ ಪಾಠ ಕಲಿಸುತ್ತದೆ, ಹೇಳಿ.

ಆದರೂ ಗಣಿತ ಬರಲಿ ಎಂದು ಚಿತ್ರ ಬಿಡಿಸಲಿ ಎಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಚಿತ್ರಕ್ಕೆ ಮತ್ತೆ ಕೂಲಿ ಆಳಿನ ಜಾಗವೇ ಸಿಗುತ್ತದೆ. ನಿಮ್ಮ ಮಗನ ದಿನ ನೆನೆಸಿಕೊಳ್ಳಿ. ಉಳಿದ ಎಲ್ಲ ಪೀರಿಯಡ್‌ಗಳಲ್ಲಿ ಸರಿ ಉತ್ತರ ಟೀಚರ್ ಹತ್ತಿರ ಇರುತ್ತದೆ. ಇವನು ಅದನ್ನು ಮುಟ್ಟಬೇಕು, ಅಷ್ಟೇ. ಚಿತ್ರದ ಹಾಳೆ ಎದುರು ಕೂತಾಗ ಮಾತ್ರ ಮರ ಎಲ್ಲಿ ನಿಲ್ಲಬೇಕು, ಯಾರು ದೊಡ್ಡವರು, ಆಕಾಶಕ್ಕೆ ಯಾವ ಬಣ್ಣ ಎಂದು ಅವನೇ ತೀರ್ಮಾನ ಮಾಡಬೇಕು. ಏಳು ವರ್ಷದ ಮಗುವಿಗೆ ತೀರ್ಮಾನ ಮಾಡುವ ಜಾಗ ಇಡೀ ದಿನದಲ್ಲಿ ಇನ್ನೆಲ್ಲಿದೆ?

ಇವನ ಅಪ್ಪನಿಗೆ ಇದನ್ನೂ ಹೇಳಿ. ಇದು ಈಗಿನವರ ಹೊಸ ಮಾತಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕೆಲಸವನ್ನೇ ಕಲಿಕೆಯ ನಡುವೆ ಇಟ್ಟರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಇಂಥ ಪ್ರಯೋಗ ಮಾಡಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲೆ ಕಡ್ಡಾಯ ವಿಷಯ ಆಗಬೇಕು ಎಂದಿತು. 2020ರ ಶಿಕ್ಷಣ ನೀತಿಯೂ ಕಲೆಯನ್ನು ‘ಪಠ್ಯದ ಹೊರಗಿನದು’ ಎಂದು ಬೇರೆ ಇಡಬೇಡಿ ಎನ್ನುತ್ತದೆ. ಕಾಗದದ ಮೇಲೆ ನಮ್ಮ ದೇಶ ಇದನ್ನು ಒಪ್ಪಿದೆ. ಶುಕ್ರವಾರದ ಆ ಪೀರಿಯಡ್ ಇನ್ನೂ ಒಪ್ಪಿಲ್ಲ.

ಜಗಳ ಬೇಡ. ಇನ್ನು ಮೂರು ಜನ ತಾಯಂದಿರನ್ನು ಕರೆದುಕೊಂಡು ಹೆಡ್‌ ಮಿಸ್ ಹತ್ತಿರ ಹೋಗಿ. ‘ಟೈಮ್ ಟೇಬಲ್‌ನಲ್ಲಿ ಬರೆದಿರುವುದನ್ನೇ ಮಾಡಿಸಿ, ಬೇರೆ ಏನೂ ಬೇಡ’ ಎನ್ನಿ. ಒಬ್ಬರು ಕೇಳಿದರೆ ಹಟ ಅನ್ನುತ್ತಾರೆ. ನಾಲ್ಕು ಜನ ಕೇಳಿದರೆ ಕುರ್ಚಿ ಹಾಕಿ ಕೂರಿಸುತ್ತಾರೆ.

ಪ್ರಶ್ನೆ: ಮೊಮ್ಮಗಳಿಗೆ ಆರು ವರ್ಷ. ಮನೆ ಬಿಡಿಸಿದರೆ ಗೋಡೆಯ ಒಳಗಿರುವ ಅಡುಗೆಮನೆಯೂ ಕಾಣುತ್ತದೆ. ನಾಯಿ ಮನೆಗಿಂತ ದೊಡ್ಡದು. ಬೆಟ್ಟಕ್ಕೆ ನೇರಳೆ ಬಣ್ಣ. ನಾನು ಪೆನ್ಸಿಲ್ ತೆಗೆದುಕೊಂಡು ಸರಿ ಮಾಡಿ ತೋರಿಸಿದರೆ ಅಳುತ್ತಾಳೆ. ತಪ್ಪನ್ನು ತಿದ್ದದೆ ಬಿಡುವುದು ಹೇಗೆ?
ಒಬ್ಬ ಅಜ್ಜ, ಶಿರಸಿ

ಉತ್ತರ: ಅಜ್ಜಾರೆ, ಅವಳು ಅಳುವುದು ಸರಿಯಾಗಿಯೇ ಇದೆ.

ಮಕ್ಕಳ ಚಿತ್ರಕ್ಕೆ ಅದರದೇ ವಯಸ್ಸು ಇದೆ. ಎರಡು ವರ್ಷದ ಹೊತ್ತಿಗೆ ಗೀಚುತ್ತವೆ. ಮೂರರ ಸುಮಾರಿಗೆ ಗೀಟಿನ ಎರಡು ತುದಿ ಕೂಡಿ ಒಂದು ಸುತ್ತು ಆಗುತ್ತದೆ. ಆ ಸುತ್ತೇ ಅಮ್ಮ. ನಾಲ್ಕಕ್ಕೆ ಅದೇ ಸುತ್ತಿಗೆ ಎರಡು ಕಾಲು ಬರುತ್ತವೆ, ಹೊಟ್ಟೆ ಇರುವುದಿಲ್ಲ. ಆರು ಏಳಕ್ಕೆ ಹಾಳೆಯ ಕೆಳಗೆ ನೆಲದ ಗೀಟು, ಮೇಲೆ ಆಕಾಶದ ಪಟ್ಟಿ. ಗೋಡೆ ಒಳಗಿನದು ಕಾಣುವುದೂ ಈ ವಯಸ್ಸಿಗೇ. ಮಗು ಕಂಡದ್ದನ್ನಷ್ಟೇ ಅಲ್ಲ, ತನಗೆ ಗೊತ್ತಿರುವುದನ್ನೂ ಬಿಡಿಸುತ್ತದೆ. ಮನೆಯೊಳಗೆ ಅಡುಗೆಮನೆ ಇದೆ ಎಂದು ಅವಳಿಗೆ ಗೊತ್ತು. ಅದನ್ನು ಯಾಕೆ ಮುಚ್ಚಿಡಬೇಕು?

ದೊಡ್ಡದು ಸಣ್ಣದು ಅಂದಿರಿ. ನಮ್ಮ ಎರಡನೇ ತರಗತಿಯ ಹುಡುಗನೊಬ್ಬ ಒಂದು ದಿನ ಹಾಳೆ ತುಂಬ ಎಮ್ಮೆ ತೆಗೆದ. ಮನೆ ಒಂದು ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು. ‘ಇದರ ಬಗ್ಗೆ ಹೇಳಪಾ’ ಅಂದೆ. ‘ಅಕ್ಕೋರ, ಎಮ್ಮಿ ಹೊಸಾದು ಬಂದೈತ್ರಿ. ಓಣ್ಯಾಗಿನವ್ರೆಲ್ಲಾ ಅದನ್ನ ನೋಡಾಕ ಬರ್ತಾರ್ರಿ’ ಅಂದ. ಆ ವಾರ ಅವರ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಆ ಎಮ್ಮೆಯೇ ಆಗಿತ್ತು. ಅವನು ಬರೆದ ಅಳತೆ ಸರಿ ಇತ್ತು.

ನೀವು ಮಾಡಿದ್ದನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಮೂರನೇ ತರಗತಿಯ ಹುಡುಗಿ ಮೇವಿನ ಬಣವಿಗೆ ನೇರಳೆ ಬಣ್ಣ ಹಚ್ಚಿದ್ದಳು. ‘ಬಣವಿ ಹೀಗಿರತದೇನ?’ ಎಂದು ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡೆ. ಅದೇ ಹಾಳೆಯಲ್ಲಿ ನನ್ನದೊಂದು ಬಣವಿ ತೆಗೆದು ಹಳದಿ ಹಚ್ಚಿ ಕೊಟ್ಟೆ. ಅವಳು ಅಳಲಿಲ್ಲ. ಮರುವಾರದಿಂದ ಹಾಳೆ ಹಿಡಿದು ನನ್ನ ಹತ್ತಿರ ಬರತೊಡಗಿದಳು. ‘ಅಕ್ಕೋರ, ನೀವ ತಗದು ಕೊಡ್ರಿ.’ ಇಡೀ ವರ್ಷ ಅದೊಂದೇ ಮಾತು. ಮುಂದೆ ಒಂದು ಸುಗ್ಗಿಯಲ್ಲಿ ಹೊತ್ತು ಮುಳುಗುವಾಗ ಅವರ ಕಣದ ಪಕ್ಕದ ದಾರಿಯಲ್ಲಿ ಬರುತ್ತಿದ್ದೆ. ಕೆಂಪು ಆಕಾಶದ ಎದುರು ಬಣವಿ ನಿಂತಿತ್ತು. ನೇರಳೆ ಇತ್ತು, ಅಜ್ಜಾರೆ. ಅವಳು ಹಚ್ಚಿದ್ದ ನೇರಳೆಯೇ. ನಾನು ನೋಡದೇ ತಿದ್ದಿದ್ದೆ. ಈಗಲೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅಂದಿನಿಂದ ಯಾವ ಮಗುವಿನ ಹಾಳೆ ಮೇಲೂ ನಾನು ಪೆನ್ಸಿಲ್ ಇಟ್ಟಿಲ್ಲ. ಏನಾದರೂ ತೋರಿಸಲೇಬೇಕಾದರೆ ಬೇರೆ ಹಾಳೆ ತೆಗೆದುಕೊಳ್ಳುತ್ತೇನೆ.

ನಿಮ್ಮ ಶಿರಸಿಯ ಬೆಟ್ಟ ಮಳೆಗಾಲದ ಸಂಜೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಒಮ್ಮೆ ಜಗುಲಿಯಲ್ಲಿ ಕೂತು ನೋಡಿ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಇದೇನು ಇದು?’ ಎಂದು ಕೇಳಬೇಡಿ. ‘ಇದರ ಕಥೆ ಹೇಳು’ ಎನ್ನಿ. ನಾಯಿ ಯಾಕೆ ದೊಡ್ಡದು ಎಂದು ಅವಳೇ ಹೇಳುತ್ತಾಳೆ.

ಪ್ರಶ್ನೆ: ನಮ್ಮದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದು, 43 ಮಕ್ಕಳು, ಇಬ್ಬರೇ ಶಿಕ್ಷಕರು. ಡ್ರಾಯಿಂಗ್ ಟೀಚರ್ ಇಲ್ಲ. ಬಣ್ಣ, ಡ್ರಾಯಿಂಗ್ ಶೀಟ್ ತರಲು ಹಣ ಇಲ್ಲ. ನನಗೂ ಚಿತ್ರ ಬರುವುದಿಲ್ಲ. ಆದರೂ ಏನಾದರೂ ಮಾಡಬೇಕು ಎಂಬ ಆಸೆ ಇದೆ.
ಒಬ್ಬ ಶಿಕ್ಷಕ, ಕೊಪ್ಪಳ ಜಿಲ್ಲೆ

ಉತ್ತರ: ಗುರುಗಳೇ, ಈ ತಿಂಗಳು ನಾನು ಎರಡು ಸಲ ಓದಿದ ಪತ್ರ ನಿಮ್ಮದು.

ಡ್ರಾಯಿಂಗ್ ಟೀಚರ್ ಬರುತ್ತಾರೆ ಎಂದು ಕಾಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಮಾತು ಇದೆ. ಅದು ಆರರಿಂದ ಎಂಟನೇ ತರಗತಿಗೆ, ಅದೂ ಮಕ್ಕಳು ನೂರಕ್ಕಿಂತ ಹೆಚ್ಚು ಇದ್ದರೆ. ಒಂದರಿಂದ ಐದಕ್ಕೆ ಆ ಮಾತೇ ಇಲ್ಲ. ಕೈ ತಾನಾಗಿ ಓಡುವ ವಯಸ್ಸನ್ನೇ ಬಿಟ್ಟಿದ್ದಾರೆ. ಇದು ಬದಲಾಗಬೇಕು ಎಂದು ನಾನು ಸಭೆ ಸಭೆಯಲ್ಲಿ ಹೇಳುತ್ತಾ ಬಂದಿದ್ದೇನೆ. ಬದಲಾಗುವವರೆಗೆ ನಿಮ್ಮ 43 ಮಕ್ಕಳಿಗೆ ನೀವೇ.

ಚಿತ್ರ ಬರುವುದಿಲ್ಲ ಎಂಬುದು ಅಡ್ಡಿ ಅಲ್ಲ. ನೀವು ಬೋರ್ಡಿನ ಮೇಲೆ ಚಂದದ ನವಿಲು ಬಿಡಿಸಿದರೆ 43 ಹಾಳೆಯಲ್ಲಿ ಅದೇ ನವಿಲು ಬರುತ್ತದೆ. ನೀವು ಬಿಡಿಸದಿದ್ದರೆ ಮಕ್ಕಳು ನವಿಲನ್ನು ನೆನೆಸಿಕೊಳ್ಳಬೇಕಾಗುತ್ತದೆ.

ಮೊದಲ ದಿನ ‘ಚಿತ್ರ ತೆಗೆಯಿರಿ’ ಅಂದರೆ ಏನು ಬರುತ್ತದೆ ಗೊತ್ತಲ್ಲ? ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಗುಡಿಸಲು, ತೆಂಗಿನ ಮರ. ಅಣ್ಣಿಗೇರಿಯ ಎರೆಹೊಲದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಗುಡ್ಡ ಇಲ್ಲ, ಹೊಳೆ ಇಲ್ಲ. ನನ್ನ ಮಕ್ಕಳೂ ಅದನ್ನೇ ತೆಗೆಯುತ್ತಿದ್ದರು. ಒಂದು ಸಲ ನಾನು ‘ಇವತ್ತು ಗುಡ್ಡ ಬೇಡ, ಶಾಲೆಗೆ ಬರುವಾಗ ಬಲಗಡೆ ಏನು ಕಂಡಿರಿ ಅದು ಬೇಕು’ ಅಂದೆ. ಹತ್ತು ನಿಮಿಷ ಯಾರೂ ಗೀಟು ಎಳೆಯಲಿಲ್ಲ. ಆಮೇಲೆ ಒಬ್ಬ ಕಣದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿ ತೆಗೆದ. ಇನ್ನೊಬ್ಬಳು ಹತ್ತಿ ತುಂಬಿದ ಟ್ರ್ಯಾಕ್ಟರ್. ಮತ್ತೊಬ್ಬ ಹಿಟ್ಟಿನ ಗಿರಣಿ, ಅದರ ಬೆಲ್ಟು ಸಮೇತ. ಅವತ್ತು ನಮ್ಮ ಊರು ಮೊದಲ ಸಲ ನಮ್ಮ ಶಾಲೆಯೊಳಗೆ ಬಂತು.

ಬಣ್ಣಕ್ಕೆ ದುಡ್ಡು ಬೇಡ. ಒಲೆಯ ಇದ್ದಿಲು ಕಪ್ಪು. ಕೆಮ್ಮಣ್ಣು ಇದೆ. ಬಸಳೆ ಹಣ್ಣು ಹಿಂಡಿದರೆ ನೇರಳೆ. ಅರಿಶಿನ ಕಲಸಿದ ನೀರನ್ನು ಹಾಳೆಗೆ ಹಚ್ಚಿ ಒಣಗಿಸಿ. ಅದರ ಮೇಲೆ ಕಡ್ಡಿಯಿಂದ ಸುಣ್ಣದ ತಿಳಿನೀರಲ್ಲಿ ಗೀಟು ಎಳೆದರೆ ಕೆಂಪು ಬರುತ್ತದೆ. ಆ ಕೆಂಪಿಗೆ ನಿಂಬೆರಸ ಸೋಕಿಸಿ, ಮತ್ತೆ ಹಳದಿ! ಮಕ್ಕಳು ಕೂಗುವುದನ್ನು ಪಕ್ಕದ ಓಣಿಯವರು ಕೇಳಬೇಕು. ಸುಣ್ಣ ಮಾತ್ರ ನಿಮ್ಮ ಕೈಯಲ್ಲೇ ಇರಲಿ, ಕಣ್ಣಿಗೆ ತಾಗಿದರೆ ಕಷ್ಟ. ಬ್ರಶ್ ಬೇಕಾದರೆ ಪುಂಡಿ ನಾರನ್ನು ಕಡ್ಡಿಗೆ ಕಟ್ಟಿಕೊಳ್ಳಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆ ಮೇಲೆ ಹಸೆ ಚಿತ್ತಾರ ಬರೆಯುವುದು ಪುಂಡಿ ನಾರಿನಿಂದಲೇ. ಅವರ ಬಿಳಿ ಬಣ್ಣ ಅಕ್ಕಿ ಹಿಟ್ಟು, ಕಪ್ಪು ಬಣ್ಣ ಹುರಿದು ಕರಿ ಮಾಡಿದ ಅಕ್ಕಿ. ನಿಮ್ಮ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗೆ ಹುಣಸೆ ಬೀಜದ ಅಂಟು ಬಳಸುತ್ತಾರೆ. ಸಾಧ್ಯವಾದರೆ ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ. ಕೆಲಸ ಮಾಡುವ ಕೈಗಳನ್ನು ಹತ್ತಿರದಿಂದ ನೋಡಲಿ.

ಶೀಟ್ ಇಲ್ಲದಿದ್ದರೆ ಹಳೆ ಲಗ್ನಪತ್ರಿಕೆಯ ಹಿಂಬದಿ ಇದೆ, ಪಾಟಿ ಇದೆ, ಅಂಗಳದ ಮಣ್ಣಿದೆ. ಮಣ್ಣು ಅಂದ ಮೇಲೆ ಇನ್ನೊಂದು ಮಾತು. ಶಾಲೆ ಶುರುವಾಗಿ ಕೆಲವು ವಾರಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ನಮ್ಮ ಕಡೆ ಮಕ್ಕಳು ಎತ್ತು ಮಾಡುತ್ತಾರೆ, ಮೇವು ಹಾಕುವ ಗ್ವಾದಲಿ ಮಾಡುತ್ತಾರೆ, ಕೊಂಬಿಗೆ ಜೋಳದ ಕಾಳು ಒತ್ತುತ್ತಾರೆ. ಈಗ ಎಷ್ಟೋ ಮನೆಗಳಲ್ಲಿ ಅಂಗಡಿಯಿಂದ ಅಚ್ಚಿನ ಎತ್ತು ತರುತ್ತಿದ್ದಾರೆ. ನೀವು ಶಾಲೆಗೇ ಒಂದು ಬುಟ್ಟಿ ಕೆರೆ ಮಣ್ಣು ತರಿಸಿ ಕೊಡಿ. ಎತ್ತಿನ ಇಣಿ, ಅಂದರೆ ಬೆನ್ನಿನ ಡುಬ್ಬ, ಎಲ್ಲಿಂದ ಎದ್ದು ಎಲ್ಲಿಗೆ ಇಳಿಯುತ್ತದೆ ಎಂದು ಬೆರಳಿಗೆ ಗೊತ್ತಾದರೆ ಅದು ಮರೆಯುವುದಿಲ್ಲ.

ಕೊನೆಗೆ ಒಂದು ಕೆಲಸ ತಪ್ಪದೆ ಮಾಡಿ. ಚಿತ್ರ ಮುಗಿದ ಮೇಲೆ ಒಂದೊಂದೇ ಮಗುವನ್ನು ಪಕ್ಕಕ್ಕೆ ಕರೆದು ಅದು ಹೇಳಿದ ಒಂದು ಮಾತನ್ನು ಅದರದೇ ಮಾತಿನಲ್ಲಿ ಒಂದು ಚೀಟಿಯಲ್ಲಿ ಬರೆಯಿರಿ. ಚೀಟಿಯನ್ನು ಚಿತ್ರದ ಕೆಳಗೆ ಅಂಟಿಸಿ. ‘ನಮ್ಮ ಕರಾ ಓಡಿ ಹೋತು’ ಅಂದರೆ ಹಾಗೆಯೇ ಬರಲಿ. ಅಕ್ಷರ ಗೊತ್ತಿಲ್ಲದ ಮಗುವೂ ತನ್ನ ಚೀಟಿಯನ್ನು ಬೆರಳಿಟ್ಟು ಓದುತ್ತದೆ, ಯಾಕೆಂದರೆ ಅದು ತನ್ನ ಮಾತು. ಚಿಕ್ಕ ಮಕ್ಕಳು ಚಟುವಟಿಕೆಯಿಂದ ಕಲಿಯುವ ನಿಮ್ಮ ನಲಿಕಲಿ ಕೋಣೆಯಲ್ಲಿ ತಲೆ ಮೇಲೆ ದಾರದ ಚಪ್ಪರ ಇದೆಯಲ್ಲ, ಎಲ್ಲವನ್ನೂ ಅದಕ್ಕೆ ತೂಗು ಹಾಕಿ. ಚೆನ್ನಾಗಿದ್ದವನ್ನು ಮಾತ್ರ ಆರಿಸಬೇಡಿ. 43 ಅಂದರೆ 43.

ಪ್ರಶ್ನೆ: ಐದು ವರ್ಷದ ಮಗಳನ್ನು ಶನಿವಾರದ ಡ್ರಾಯಿಂಗ್ ಕ್ಲಾಸಿಗೆ ಸೇರಿಸಿದ್ದೇವೆ. ಪ್ರತಿ ವಾರ ಪ್ರಿಂಟ್ ಮಾಡಿದ ಹಾಳೆ ಕೊಟ್ಟು ಬಣ್ಣ ತುಂಬಿಸುತ್ತಾರೆ, ಗೀಟು ದಾಟಬಾರದು. ಆರು ತಿಂಗಳಲ್ಲಿ ಸರ್ಟಿಫಿಕೇಟ್ ಕೊಡುತ್ತಾರಂತೆ. ಮುಂದುವರಿಸಬಹುದೇ?
ಒಬ್ಬ ತಂದೆ, ಬೆಂಗಳೂರು

ಉತ್ತರ: ನಿಲ್ಲಿಸಿ. ಆ ಹಾಳೆಯಲ್ಲಿ ನಿಮ್ಮ ಮಗಳದ್ದು ಏನೂ ಇಲ್ಲ. ಗೀಟು ಬೇರೆಯವರದು, ಬಣ್ಣ ಹೇಳಿದವರೂ ಬೇರೆಯವರು.

ಅದೇ ಶನಿವಾರ ಅವಳನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿ. ಅಲ್ಲೇ ಕಸ್ತೂರ್ಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಎಲ್ಲ ಚಿತ್ರ ತೋರಿಸುವ ಅವಸರ ಬೇಡ. ಅವಳು ಎಲ್ಲಿ ನಿಲ್ಲುತ್ತಾಳೋ ಅಲ್ಲಿ ನೀವೂ ನಿಲ್ಲಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಕರೆದೊಯ್ಯಿರಿ, ಬೆಳಿಗ್ಗೆ ಬೇಗ, ಜನ ತುಂಬುವ ಮೊದಲು. ಅಲ್ಲಿ ಬಿಡಿಸುತ್ತಾ ಕೂತ ಕಲಾವಿದರು ಇರುತ್ತಾರೆ. ಮನೆಯಲ್ಲಿ ದೊಡ್ಡ ಖಾಲಿ ಹಾಳೆ, ದಪ್ಪ ಕ್ರೇಯಾನ್, ಸ್ವಲ್ಪ ಗೋಡೆ. ಹೌದು, ಗೋಡೆ. ಬಾಡಿಗೆ ಮನೆ ಆದರೆ ಒಂದು ಹಲಗೆ ತಂದು ಒರಗಿಸಿ.

ಪ್ರಶ್ನೆ: ಅಕ್ಕೋರೇ, ನಾನು ಐದನೇ ಕ್ಲಾಸ್. ನನಗೆ ಡ್ರಾಯಿಂಗ್ ಬರಲ್ಲ. ನನ್ನ ಫ್ರೆಂಡ್ ಕುದುರೆ ಬಿಡಿಸಿದ್ರೆ ಥೇಟ್ ಕುದುರೆ ಥರಾನೇ ಇರುತ್ತೆ. ನಾನು ಬಿಡಿಸಿದ್ದು ನಾಯಿ ಥರ. ಎಲ್ಲರೂ ನಗ್ತಾರೆ. ಮೊದಲು ತುಂಬಾ ಬಿಡಿಸ್ತಿದ್ದೆ, ಈಗ ಬಿಟ್ಟಿದ್ದೀನಿ.
ಒಬ್ಬಳು ಹುಡುಗಿ, ಹಾಸನ ಜಿಲ್ಲೆ

ಉತ್ತರ: ಪುಟ್ಟೀ, ನಿನ್ನ ಪತ್ರ ಓದಿ ನನಗೆ ತುಂಬಾ ಖುಷಿ ಆಯಿತು, ಯಾಕೆ ಗೊತ್ತಾ? ‘ಇದು ಕುದುರೆ ಥರ ಇಲ್ಲ’ ಎಂದು ನಿನ್ನ ಕಣ್ಣಿಗೆ ಗೊತ್ತಾಗುತ್ತಿದೆ. ಎರಡನೇ ಕ್ಲಾಸಿನಲ್ಲಿ ಗೊತ್ತಾಗುತ್ತಿರಲಿಲ್ಲ. ಒಂಬತ್ತು ಹತ್ತು ವರ್ಷಕ್ಕೆ ಕಣ್ಣು ಕೈಗಿಂತ ಮುಂದೆ ಓಡುತ್ತದೆ. ಕೈ ಹಿಂದೆ ಉಳಿದಿದೆ, ಅಷ್ಟೇ. ಇದೇ ಹೊತ್ತಿನಲ್ಲಿ ತುಂಬಾ ಮಕ್ಕಳು ‘ಬರಲ್ಲ’ ಎಂದು ಬಿಟ್ಟುಬಿಡುತ್ತಾರೆ. ನನ್ನ ಮುಂದೆಯೇ ಎಷ್ಟೋ ಮಕ್ಕಳು ಹಾಗೆ ಬಿಟ್ಟರು. ನೀನು ಬಿಡಬೇಡ.

ನಿನ್ನ ಫ್ರೆಂಡ್ ಕುದುರೆಯನ್ನು ನಿಜವಾಗಿ ನೋಡಿದ್ದಾಳಾ, ಇಲ್ಲ ಪುಸ್ತಕದಲ್ಲಿ ನೋಡಿದ್ದಾಳಾ? ನೀನು ಸದ್ಯ ಕುದುರೆ ಬಿಡು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹಸು ಇರುತ್ತದಲ್ಲ? ಅದು ಮಲಗಿರುವಾಗ ಕೊಟ್ಟಿಗೆಗೆ ಹೋಗಿ ಸುಮ್ನೆ ಕೂರು. ಮುಂಗಾಲು ಎಲ್ಲಿ ಮಡಚಿಕೊಂಡಿದೆ ನೋಡು. ಏಳುವವರೆಗೆ ಕಾಯಿ. ಏಳುವಾಗ ಮೊದಲು ಮೇಲೆ ಬರುವುದು ಮುಂಭಾಗವೋ ಹಿಂಭಾಗವೋ? ಅದನ್ನು ಬಿಡಿಸಿ ನನಗೆ ಕಳಿಸು. ರಬ್ಬರ್ ಮುಟ್ಟಬೇಡ, ತಪ್ಪಿದ ಗೀಟೂ ಹಾಳೆಯಲ್ಲೇ ಇರಲಿ. ಆಮೇಲೆ ಯಾವಾಗಲಾದರೂ ಕುದುರೆ ಸಿಕ್ಕರೆ ಅದು ಹೇಗೆ ಏಳುತ್ತದೆ ಎಂದೂ ನೋಡಿ ಬರೆ. ಎರಡೂ ಒಂದೇ ಥರ ಏಳುವುದಿಲ್ಲ.